ಹಂಚಿನ ಕಾಲುವೆಯಲ್ಲಿ ಎರಡು ರಾತ್ರಿ

ಡೊಂಬಿವಿಲಿ
5 ಡಿಸೆಂಬರ್ 2024

ಚಿ. ರಮಿತಾಳಿಗೆ ಮಂಜ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಸಿಕ್ಕಿತು. ಫೋನ್ ಮಾಡಿದರೆ ನಾನು "ಹಾಂ? ಹಾಂ?" ಅನ್ನುವುದು, ನೀನು ಗಂಟಲು ಹರಿದುಕೊಳ್ಳುವುದು, ಕಡೆಗೆ ಸೊಸೆ ಶರಣ್ಯಾ ನಡುವೆ ಬಂದು ಅರ್ಧಂಬರ್ಧ ಹೇಳುವುದು. ಅದಕ್ಕಿಂತ ಇದು ವಾಸಿ. ಮೂವತ್ತೈದು ವರ್ಷ ಬೊಂಬಾಯಿ ಡಾಕಿನಲ್ಲಿ ಹಡಗಿನ ತುಕ್ಕು ಬಡಿದ ಮನುಷ್ಯನ ಕಿವಿ ಇದು, ಇನ್ನು ಅದರ ಮೇಲೆ ಆಸೆ ಇಲ್ಲ. ಕಣ್ಣು ಮಾತ್ರ ಗಟ್ಟಿ ಉಂಟು. ಅಕ್ಷರ ಸ್ವಲ್ಪ ದಪ್ಪ ಮಾಡಿ ಬರೆ.

ಹೃದಯದ ವಾಲ್ವು ಬದಲಿಸಬೇಕಂತೆ. ಫೆಬ್ರವರಿ ಹತ್ತಕ್ಕೆ ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಮೆಟ್ಟಿಲು ಹತ್ತಬಾರದು, ಗಾಬರಿಯಾಗಬಾರದು, ಉಪ್ಪು ತಿನ್ನಬಾರದು. ಶರಣ್ಯಾ ಒಣಮೀನಿನ ಡಬ್ಬವನ್ನು ಎಲ್ಲಿ ಅಡಗಿಸಿದ್ದಾಳೆಂದು ಎರಡು ದಿನದಿಂದ ಹುಡುಕುತ್ತಿದ್ದೇನೆ.

ನೀನು ಯಡ್ತರೆಯಿಂದ ತಂದ ಎರಡು ಸೀಟಿನ ಕಯಾಕಿನ ಫೋಟೊವನ್ನು ಮಗ ಅನೂಪ ತೋರಿಸಿದ. ದೋಣಿ ಕಟ್ಟುವ ಹಂಗಾರಕಟ್ಟೆಯಲ್ಲಿ ಹುಟ್ಟಿ ಪ್ಲಾಸ್ಟಿಕ್ ದೋಣಿ ತಂದೆಯಲ್ಲ ಮಾರಾಯ್ತಿ! ಪರಊರಿನವರನ್ನು ಕೂರಿಸಿಕೊಂಡು ಹಂಚಿನ ಕಾಲುವೆಯಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಮಲಗಿಸುತ್ತೀಯಂತೆ, ಅವರು ಅದಕ್ಕೆ ದುಡ್ಡೂ ಕೊಡುತ್ತಾರಂತೆ. ಅದೇ ಕಾಲುವೆಯಲ್ಲಿ ನಾವು ದೋಣಿಯಲ್ಲಿ ಮಲಗಿದರೆ ಸಾಹುಕಾರ ಬೈಯುತ್ತಿದ್ದ. ಅಜ್ಜಯ್ಯನ ಕಾಲದಲ್ಲಿ ಹಂಚಿನ ಕಾರ್ಖಾನೆಯವರು ತೋಡಿಸಿದ ಕಾಲುವೆ ಅದು. ಮಣ್ಣಿನ ಗುಂಡಿಯಿಂದ ಕಾರ್ಖಾನೆಗೆ ಆವೆಮಣ್ಣು, ಕಾರ್ಖಾನೆಯಿಂದ ಬಂದರಿಗೆ ಹಂಚು. ಹನ್ನೆರಡನೇ ವಯಸ್ಸಿಗೆ ನಾನು ಅಲ್ಲಿ ಗಳ ಹಾಕಿದ್ದೇನೆ.

ಈಗ ನಿನ್ನಲ್ಲಿ ಒಂದು ಕೇಳುವುದುಂಟು. ನಿನ್ನ ಅಮ್ಮ ಸುಂದರಿಯನ್ನು ಒಮ್ಮೆ ಮಣ್ಣಿನ ಗುಂಡಿಯವರೆಗೆ ಕರೆದುಕೊಂಡು ಹೋಗು. ಚಿಕ್ಕವಳಿದ್ದಾಗ ದಿನಾ ನನಗೆ ಗಂಜಿ ತರುತ್ತಿದ್ದಳು. ಕಾಲುವೆಗೆ ಅಡ್ಡ ಕಟ್ಟಿದ ಕಮಾನು ಸಂಕದ ಮೇಲೆ ನಿಂತು "ಅಣ್ಣಯ್ಯ, ನನ್ನನ್ನೂ ಕರ್ಕಂಡ್ ಹೋಗ್" ಎಂದು ಅಳುತ್ತಿದ್ದಳು. ಹೆಣ್ಣು ಮಕ್ಕಳನ್ನು ಹೇರು ದೋಣಿಗೆ ಹತ್ತಿಸುತ್ತಿರಲಿಲ್ಲ. ಬೊಂಬಾಯಿಗೆ ಹೋಗಿ ಬಂದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ಹತ್ತಿರ ಹತ್ತಿರ ಅರವತ್ತು ವರ್ಷವಾಯಿತು. ಬಂದಾಗಲೆಲ್ಲ ಏನೋ ಒಂದು ಅಡ್ಡಿ. ಆಪರೇಶನ್ನಿನ ಮೇಲೆ ನಾನು ಏಳುತ್ತೇನೋ ಇಲ್ಲವೋ ಯಾರಿಗೆ ಗೊತ್ತು? ಅದಕ್ಕೆ ಮೊದಲು ಅವಳು ಹೋಗಿ ಬಂದಳು ಎಂದು ತಿಳಿದರೆ ನನಗೆ ಸಮಾಧಾನ.

ಸಂಕದಡಿಗೆ ಇಳಿತ ನೋಡಿ ಹೋಗು. ಸಮುದ್ರದ ಭರತ ಏರಿದಾಗ ಆ ಕಮಾನಿನಡಿ ತಲೆ ಹಾಕಲೂ ಜಾಗ ಇರುವುದಿಲ್ಲ. ಎಲ್ಲವನ್ನೂ ಬಿಡದೆ ಬರೆ.

ಮಂಜ ಮಾವ


ಹಂಗಾರಕಟ್ಟೆ
13 ಡಿಸೆಂಬರ್ 2024

ಪ್ರೀತಿಯ ಮಾವನಿಗೆ ರಮಿತಾಳ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಮೊದಲು ಬೈಗುಳ ಬಂತು, ಅದನ್ನೇ ಮೊದಲು ಬರೆಯುತ್ತೇನೆ. "ಅರ್ವತ್ ವರ್ಷ ಆದ್ಮೇಲೆ ನೆನಪಾಯ್ತಾ ಅವ್ನಿಗೆ? ನನ್ನ್ ಮಂಡಿ ಹೋದ್ಮೇಲೆ ದೋಣಿ ಹತ್ತ್ ಅಂಬ!" ಆಮೇಲೆ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಏನು ಮಾಡುತ್ತಿದ್ದಾಳೆಂದು ನೋಡಿದರೆ ಕುಚ್ಚಲಕ್ಕಿ ಅಳೆದು ಕಟ್ಟುತ್ತಿದ್ದಾಳೆ. ಹೋಗುವುದಕ್ಕೆ ಇನ್ನೂ ಹದಿನೈದು ದಿನ ಇದೆಯಲ್ಲ ಅಮ್ಮಾ ಎಂದರೆ, "ಕಟ್ಟಿಟ್ರೆ ಎಂತ ಹಾಳಾತ್ತಾ?" ಎಂದು ನನಗೇ ಜೋರು.

ಕಯಾಕನ್ನು ಅಂಗಳದಲ್ಲಿಟ್ಟು ಕೂರಿಸಿ ನೋಡಿದೆ. "ಹ್ವಾಯ್, ಇದೆಂತ ದೋಣಿ? ಬಕೆಟಿಗೆ ಬಾಲ ಕಟ್ಟ್ದಂಗಿತ್ತ್!" ಅಂದಳು. ಪಕ್ಕದ ಮನೆಯ ಜಲಜಕ್ಕ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಲೈಫ್ ಜಾಕೆಟನ್ನು ಸೀರೆಯ ಮೇಲೆ ಹಾಕಲು ಒಪ್ಪಲೇ ಇಲ್ಲ. ಹಾಕದಿದ್ದರೆ ಕರೆದುಕೊಂಡು ಹೋಗುವುದಿಲ್ಲ ಎಂದೆ. ಹಾಕಿಕೊಂಡಳು.

ಡಿಸೆಂಬರ್ 28, ಶನಿವಾರ ಹೊರಡುತ್ತೇವೆ. ಭರತ ಇಳಿತ ಎಲ್ಲ ನೋಡಿಯೇ ದಿನ ಇಟ್ಟದ್ದು. ಅಮ್ಮ ಚೆನ್ನಾಗಿದ್ದಾಳೆ, ಮಂಡಿ ನೋವು ಬಿಟ್ಟರೆ ಬೇರೆ ಏನೂ ಇಲ್ಲ. ನೀವು ಗಾಬರಿ ಮಾಡಿಕೊಳ್ಳಬೇಡಿ. ಒಣಮೀನನ್ನು ಹುಡುಕಲೂ ಬೇಡಿ.

ರಮಿತಾ


ಮಣ್ಣಿನ ಗುಂಡಿ
29 ಡಿಸೆಂಬರ್ 2024, ಭಾನುವಾರ ಸಂಜೆ

ಪ್ರೀತಿಯ ಮಾವನಿಗೆ,

ವಿಳಾಸ ನೋಡಿದಿರಾ? ನಿಮ್ಮ ತಂಗಿ ಮಣ್ಣಿನ ಗುಂಡಿಗೆ ಬಂದಾಯಿತು! ಟೆಂಟಿನ ಮುಂದೆ ಕೂತು, ಮಂಡಿಯ ಮೇಲೆ ನೋಟ್ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಮ್ಮ ಮೂರು ಕಲ್ಲು ಹೂಡಿ ತೆಂಗಿನ ಸಿಪ್ಪೆಗೆ ಬೆಂಕಿ ಹಾಕಿ ಒಣ ಬಂಗುಡೆ ಸುಡುತ್ತಿದ್ದಾಳೆ. ಗ್ಯಾಸ್ ಒಲೆ ತಂದದ್ದು ದಂಡ. "ಅದ್ರಂಗೆ ಸುಟ್ರೆ ಮೀನಿಗೆ ಹೊಗಿ ವಾಸ್ನೆ ಎಲ್ಲಿಂದ ಬತ್ತ್?" ಎಂದಳು.

ಶನಿವಾರ ಬೆಳಿಗ್ಗೆ ಭರತದ ಜೊತೆಯೇ ಹೊರಟೆವು. ಹುಟ್ಟು ಹಾಕುವುದೇ ಬೇಡ, ನೀರೇ ಎತ್ತಿಕೊಂಡು ಹೋಯಿತು. ಮುಂದಿನ ಸೀಟಿನಲ್ಲಿ ಅಮ್ಮ. ಮೊದಲ ಕಾಲು ಗಂಟೆ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡಿದ್ದಳು. ಉಪ್ಪುನೀರಿನ ಕಾಂಡ್ಲ ಗಿಡಗಳ ನಡುವೆ ಕಾಲುವೆ ಸಣ್ಣದಾಗುತ್ತದಲ್ಲ, ಅಲ್ಲಿ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದನ್ನೂ ಬಿಟ್ಟು ನೀರಿಗೆ ಇಳಿಸಿದಳು. ಒಂದು ಗಂಟೆ ಮಾತೇ ಇಲ್ಲ ಮಾವಾ! ನಲವತ್ತು ವರ್ಷಕ್ಕೆ ಬಂದೆ, ಅಮ್ಮ ಒಂದು ಗಂಟೆ ಮಾತಾಡದೆ ಇದ್ದದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಹಿಂದೆ ಕೂತವಳಿಗೆ ಅವಳ ಮುಖ ಕಾಣುವುದಿಲ್ಲ, ತುರುಬು ಮಾತ್ರ. ಬೇಸರವಾಯಿತೇನೋ ಎಂದು ಕೇಳಿದರೆ, "ಸುಮ್ನೆ ಕೂಕೊ ಹೆಣೆ, ನೀರಿನ್ ಸದ್ದ್ ಕೇಂತಾ ಇದ್ದೆ" ಎಂದಳು.

ಮೊದಲ ರಾತ್ರಿ ಸಂಕಕ್ಕಿಂತ ಈಚೆಗಿನ ಕುದ್ರುವಿನಲ್ಲಿ, ಸುತ್ತ ನೀರಿರುವ ದಿಬ್ಬದ ಮೇಲೆ, ತಂಗಿದೆವು. ಟೆಂಟ್ ನೋಡಿ "ಇದೆಂತ ಕೋಳಿಗೂಡಾ?" ಎಂದವಳು ನನಗಿಂತ ಮೊದಲು ಒಳಗೆ ನುಗ್ಗಿ ಗೊರಕೆ ಹೊಡೆದಳು. ಬೆಳಿಗ್ಗೆ ಎದ್ದರೆ ಕಾಲುವೆಯ ಮೇಲೆಲ್ಲ ಮಂಜು. ಆಚೆ ದಡದಲ್ಲಿ ನಾಲ್ಕು ನೀರುನಾಯಿ, ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಅಮ್ಮ ಬೆಲ್ಲದ ಕಾಫಿಯ ಲೋಟ ಹಿಡಿದುಕೊಂಡು, ಕಾಫಿ ತಣ್ಣಗಾಗುವವರೆಗೆ ಅವನ್ನೇ ನೋಡಿದಳು. ಮನೆಯಲ್ಲಾದರೆ ಇಷ್ಟು ಹೊತ್ತಿಗೆ ಗುಡಿಸಿ, ಒರೆಸಿ, ನನ್ನನ್ನು ಎರಡು ಸಲ ಬೈದು ಆಗಿರುತ್ತಿತ್ತು. ಇಲ್ಲಿ ಮಾಡುವುದಕ್ಕೆ ಕೆಲಸವೇ ಇಲ್ಲ. ನಾನು ಪರಊರಿನವರಿಗೆ ಇದನ್ನೇ ಮಾರುತ್ತಿದ್ದೇನೆ ನೋಡಿ, ನಮ್ಮ ಮನೆಯವಳಿಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ, ಇಳಿತದಲ್ಲಿ, ಸಂಕ ದಾಟಿದೆವು. ಅಮ್ಮ ಮೇಲೆ ನೋಡಿ, "ನಾನ್ ಅಲ್ಲ್ ನಿಂತ್ಕಂಡ್ ಅಣ್ಣಯ್ಯನ್ ತಲಿಗೆ ಕಲ್ ಬಿಸಾಡ್ತಿದ್ದೆ" ಎಂದಳು. ಹೌದಾ ಮಾವ? ಅದನ್ನು ನೀವು ಹೇಳಿರಲಿಲ್ಲವಲ್ಲ!

ಮಣ್ಣಿನ ಗುಂಡಿಯಲ್ಲಿ ಈಗ ಮಣ್ಣು ತೆಗೆಯುವವರಿಲ್ಲ. ದೊಡ್ಡ ಕೆರೆಯಾಗಿದೆ, ತುಂಬ ತಾವರೆ. ಅಮ್ಮ ದಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಸುತ್ತ ನೋಡಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಇಷ್ಟೇಯಾ? ಇದ್ನ್ ಕಾಂಬುಕೆ ಅರ್ವತ್ ವರ್ಷ ಕಾಯ್ಕಾಯ್ತಾ? ಬರಿ ಅವ್ನಿಗೆ, ಅವ ದೊಡ್ಡ ಸುಳ್ಳ ಅಂದೇಳಿ ಬರಿ!" ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಅಳುತ್ತಿದ್ದಳೋ ಏನೋ, ನಾನು ಕೇಳಲಿಲ್ಲ.

ಮೀನು ಸುಟ್ಟಾಯಿತಂತೆ, ಕರೆಯುತ್ತಿದ್ದಾಳೆ. ಉಳಿದದ್ದು ಆಮೇಲೆ.

ರಮಿತಾ


ಹಂಗಾರಕಟ್ಟೆ
4 ಜನವರಿ 2025

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ಹೊಸ ವರ್ಷದ ಶುಭಾಶಯ. ಮಣ್ಣಿನ ಗುಂಡಿಯಲ್ಲಿ ಬರೆದ ಪತ್ರವನ್ನೂ ಇದರ ಜೊತೆಗೇ ಹಾಕಿದ್ದೇನೆ, ಅಂಚೆಗೆ ಹೋಗಲು ಆಗಿರಲಿಲ್ಲ.

ಪ್ರಯಾಣ ಬಹಳ ಚೆನ್ನಾಗಿ ಆಯಿತು. ಅಮ್ಮನಿಗೆ ತುಂಬ ಸಂತೋಷವಾಯಿತು. ಸೋಮವಾರ ಬೆಳಿಗ್ಗೆ ತಾವರೆ ಕೆರೆಯ ಹತ್ತಿರ ಗಂಜಿ ಊಟ ಮಾಡಿ, ನಿಧಾನವಾಗಿ ಹಿಂದಕ್ಕೆ ಹೊರಟೆವು. ಮಧ್ಯಾಹ್ನ ಹನ್ನೆರಡು ಗಂಟೆಗೆ ಕಮಾನು ಸಂಕ ದಾಟಿದೆವು. ದಾಟುವಾಗ ಅಮ್ಮ ಕೈ ಎತ್ತಿ ಕಮಾನಿನ ಕಲ್ಲು ಮುಟ್ಟಿದಳು. ಬಿಸಿಲು ಚೆನ್ನಾಗಿತ್ತು. ಗಾಳಿಯೂ ಇರಲಿಲ್ಲ. ಸಂಜೆಯ ಹೊತ್ತಿಗೆ ಮನೆಗೆ ಬಂದೆವು.

ನಿಮ್ಮ ಆಸೆಯನ್ನು ನೆರವೇರಿಸಿದ್ದಕ್ಕೆ ನನಗೂ ಸಂತೋಷ. ಅಮ್ಮ ಆರೋಗ್ಯವಾಗಿದ್ದಾಳೆ. ನಿಮ್ಮನ್ನು ಕೇಳಿದಳು. ಆರೋಗ್ಯ ನೋಡಿಕೊಳ್ಳಿ, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ ಎಂದು ಹೇಳಿದ್ದಾಳೆ. ಆಪರೇಶನ್ ಆದ ಮೇಲೆ ಎಲ್ಲವನ್ನೂ ವಿವರವಾಗಿ ಹೇಳುತ್ತೇನೆ.

ರಮಿತಾ


ಡೊಂಬಿವಿಲಿ
12 ಜನವರಿ 2025

ಚಿ. ರಮಿತಾಳಿಗೆ ಆಶೀರ್ವಾದಗಳು.

ಎರಡೂ ಪತ್ರ ಒಂಬತ್ತನೇ ತಾರೀಕು ಕೈಗೆ ಬಂದವು. ಮೊದಲನೆಯದನ್ನು ನಾಲ್ಕು ಸಲ ಓದಿದೆ. ಕಲ್ಲು ಬಿಸಾಡುತ್ತಿದ್ದದ್ದು ನಿಜ. ಎಡಗಿವಿಯ ಮೇಲೆ ಗುರುತು ಈಗಲೂ ಉಂಟು.

ನನ್ನ ಆರೋಗ್ಯ ಹಾಗೇ ಉಂಟು. ಮೀನು ಬಿಟ್ಟಿದ್ದೇನೆ, ಹೊಟ್ಟೆಗೆ ಆಗುವುದಿಲ್ಲ.

ಮುಂದಿನ ಪತ್ರದ ಕೆಳಗೆ ಸುಂದರಿಯ ಕೈಯಲ್ಲಿ ಒಂದು ಸಾಲು ಬರೆಸು. ಅವಳಿಗೆ ಮೂರನೇ ಕ್ಲಾಸಿನವರೆಗೆ ಅಕ್ಷರ ಬರುತ್ತದೆ. ಹೆಸರು ಬರೆದರೂ ಸಾಕು. ಮತ್ತೆ, ಮನೆಗೆ ತಲುಪಿದ್ದು ಸೋಮವಾರವೇ ಹೌದೋ, ಬೇರೆ ದಿನವೋ, ಅದನ್ನು ಸರಿಯಾಗಿ ಬರೆ. ನನಗೆ ದಿನ ಬೇಕು.

ಮಂಜ ಮಾವ


ಹಂಗಾರಕಟ್ಟೆ
18 ಜನವರಿ 2025

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ಮೀನು ಬಿಟ್ಟಿದ್ದೀರಿ ಎಂದು ಓದಿ ಚಿಂತೆಯಾಯಿತು. ಹೊಟ್ಟೆಯದ್ದನ್ನೂ ಡಾಕ್ಟರಿಗೆ ಹೇಳಿ. ಆಪರೇಶನ್ ಹತ್ತಿರ ಬಂತು, ಏನನ್ನೂ ಮುಚ್ಚಿಡಬೇಡಿ.

ಮನೆಗೆ ತಲುಪಿದ್ದು ಸೋಮವಾರವೇ. ಅಮ್ಮನ ಬಲಗೈ ಸ್ವಲ್ಪ ಊದಿಕೊಂಡಿದೆ, ಪೆನ್ನು ಹಿಡಿಯಲು ಆಗುತ್ತಿಲ್ಲ. ಬೇರೆ ಏನೂ ಅಲ್ಲ, ಚಳಿಗೆ. ನಾವುಂದದ ಬಾಗಿ ಅತ್ತೆ, ಅದೇ ಅಪ್ಪಯ್ಯನ ಅಕ್ಕ, ಒಂದು ತಿಂಗಳು ಬಂದು ಇರು ಎಂದು ಕರೆದಿದ್ದಾರೆ. ನಾಡಿದ್ದು ಅಮ್ಮ ಅಲ್ಲಿಗೆ ಹೋಗುತ್ತಾಳೆ. ಹಾಗಾಗಿ ಇನ್ನು ಸ್ವಲ್ಪ ದಿನ ನನ್ನ ಪತ್ರದಲ್ಲಿ ಅವಳ ಸುದ್ದಿ ಕಡಿಮೆ ಇದ್ದರೆ ಬೇಸರಿಸಬೇಡಿ.

ನಾನು ಈಗ ಅತಿಥಿಗಳನ್ನು ಕುದ್ರುವಿನಿಂದ ಮುಂದಕ್ಕೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದ್ದೇನೆ. ಹುಬ್ಬಳ್ಳಿಯವರು ನಾಲ್ಕು ಜನ ಬಂದಿದ್ದರು, ಮಣ್ಣಿನ ಗುಂಡಿಗೆ ಹೋಗೋಣ ಎಂದು ಬಹಳ ಕೇಳಿದರು. ಅಲ್ಲಿ ನೀರು ಸರಿಯಿಲ್ಲ ಎಂದುಬಿಟ್ಟೆ. ಮನೆಗೆ ಬಂದು ಇಬ್ಬರಿಗೆ ಅನ್ನ ಇಟ್ಟೆ. ಹೆಚ್ಚಾದದ್ದನ್ನು ಜಲಜಕ್ಕನ ನಾಯಿಗೆ ಹಾಕಿದೆ. ಅಮ್ಮ ಅವತ್ತು ಊಟ ಮಾಡಲಿಲ್ಲ, ಅದಕ್ಕೆ.

ರಮಿತಾ


ಡೊಂಬಿವಿಲಿ
24 ಜನವರಿ 2025

ರಮಿತಾ,

ಇನ್ನು ಸಾಕು ಮಗಾ.

ಡಿಸೆಂಬರ್ ಮೂವತ್ತು ಸೋಮವಾರ ಅಮಾವಾಸ್ಯೆ. ನನ್ನ ಮಂಚದ ಎದುರಿಗೆ ಕ್ಯಾಲೆಂಡರ್ ಉಂಟು. ಅಮಾವಾಸ್ಯೆಯ ಮಧ್ಯಾಹ್ನ ಆ ಕಾಲುವೆಯಲ್ಲಿ ತುಂಬು ಭರತ. ಕಮಾನಿನಡಿ ಒಂದು ಗೇಣು ಜಾಗ ಉಳಿದರೆ ಹೆಚ್ಚು. ಅಮಾವಾಸ್ಯೆ ಹುಣ್ಣಿಮೆಗೆ ನಾವು ಅದೇ ಸಂಕದ ಹತ್ತಿರ ದೋಣಿ ಕಟ್ಟಿ ಮೂರು ಗಂಟೆ ಕಾಯುತ್ತಿದ್ದೆವು. ಹನ್ನೆರಡಕ್ಕೆ ನೀವು ಅದನ್ನು ದಾಟಿರಲು ಸಾಧ್ಯವಿಲ್ಲ. ಭರತ ಇಳಿತ ನೋಡಿ ಹೊಟ್ಟೆ ಹೊರೆಯುವವಳು ನೀನು, ನಿನಗೆ ಅದು ಗೊತ್ತಿಲ್ಲದೆ ಇಲ್ಲ.

ಅದೊಂದೇ ಆಗಿದ್ದರೆ ಕೈತಪ್ಪಿ ಬರೆದಳು ಎಂದುಕೊಳ್ಳುತ್ತಿದ್ದೆ. ಆದರೆ ಆ ಪತ್ರದಲ್ಲಿ ಸುಂದರಿ ಒಮ್ಮೆಯೂ ನನ್ನನ್ನು ಬೈದಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ ಅಂದಳಂತೆ! ನನ್ನ ತಂಗಿ ಎಪ್ಪತ್ತು ವರ್ಷದಲ್ಲಿ ನನಗೆ ಬಹುವಚನ ಹಚ್ಚಿದವಳಲ್ಲ. ಪತ್ರ ಕೆಳಗಿಟ್ಟು ಶರಣ್ಯಾಳ ಮುಖ ನೋಡಿದೆ. ನಾನು ಏನೂ ಕೇಳುವ ಮೊದಲೇ ಅವಳು "ಅತ್ತೆ ಚೆನ್ನಾಗಿದ್ದಾರೆ" ಎಂದು ಬಾಯಿ ಆಡಿಸಿದಳು. ಕಿವಿ ಹೋದವನಿಗೆ ಬಾಯಿ ಓದಲು ಬರುತ್ತದೆ.

ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತಲೆಗೆ ತಣ್ಣೀರು ಹೊಯ್ದುಕೊಂಡೆ. ಕಿವುಡನಿಗೆ ತನ್ನ ಅಳು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಅದಕ್ಕೇ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟೆ.

ನಮ್ಮ ಕಟ್ಟಳೆ ನಿನಗೆ ಗೊತ್ತಲ್ಲ. ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಸುಂದರಿ, ನಾನು, ನೀನು ಒಂದು ಬಳಿ. ಅನೂಪ ಅವನ ತಾಯಿಯ ಬಳಿ. ಈ ಮನೆಯಲ್ಲಿ ಸೂತಕ ನನಗೊಬ್ಬನಿಗೇ. ಅವರು ಮೀನು ಸಾರು ಉಣ್ಣುವುದರಲ್ಲಿ ತಪ್ಪಿಲ್ಲ. ಅದೇ ಮೇಜಿನಲ್ಲಿ ಕೂತು, ಹೊಟ್ಟೆ ಸರಿಯಿಲ್ಲ ಎಂದು ಹೇಳಿ, ನಾನು ಗಂಜಿ ಉಂಡೆ. ಗಡ್ಡ ಬಿಟ್ಟೆ. ಯಾವತ್ತಿನಿಂದ ಎಣಿಸುವುದು? ಅವಳು ಹೋದ ದಿನ ನನಗೆ ಗೊತ್ತಿಲ್ಲ. ಪತ್ರ ಬಂದ ಒಂಬತ್ತನೇ ತಾರೀಕಿನಿಂದ ಹದಿಮೂರು ದಿನ ಎಣಿಸಿ ಮುಗಿಸಿದೆ. ಅಣ್ಣ ಬದುಕಿರುವಾಗ ತಂಗಿಯ ಮೇಲೆ ಅಣ್ಣನ ಸೀರೆ ಬೀಳಬೇಕು. ಯಾರು ಹೊದೆಸಿದಿರಿ? ಯಾವ ಸೀರೆ?

ನಿನ್ನ ಮೇಲೆ ನನಗೆ ಸಿಟ್ಟು ಉಂಟು. ಒಂದು ಸಾಲು ಬರೆಸು ಎಂದು ಕೇಳಿದ್ದು ನಿನ್ನನ್ನು ಪರೀಕ್ಷೆ ಮಾಡಲು ಅಲ್ಲ. ನನ್ನ ಲೆಕ್ಕ ಎಲ್ಲಾದರೂ ತಪ್ಪಿರಲಿ ಎಂಬ ಆಸೆಗೆ. ನೀನು ಕೈ ಊದಿದೆ ಎಂದು ಬರೆದೆ.

ಶರಣ್ಯಾಳಿಗೆ ನಾನು ಇನ್ನೂ ಏನೂ ಹೇಳಿಲ್ಲ. ಮೊದಲು ನೀನು ಬರೆ. ಎಂದು ಹೋದಳು, ಎಲ್ಲಿ ಹೋದಳು, ಯಾರಿದ್ದರು. ಏನೂ ಬಿಡಬೇಡ. ನನ್ನ ವಾಲ್ವಿನ ಚಿಂತೆ ನಿನಗೆ ಬೇಡ.

ಮಂಜ


ಹಂಗಾರಕಟ್ಟೆ
30 ಜನವರಿ 2025

ಮಾವಾ,

ಅಮ್ಮ ಡಿಸೆಂಬರ್ ಮೂವತ್ತು, ಸೋಮವಾರ, ಅಮಾವಾಸ್ಯೆಯ ದಿನ ಬೆಳಗಿನ ಜಾವ ಹೋದಳು. ಮಣ್ಣಿನ ಗುಂಡಿಯಲ್ಲಿ. ಇದ್ದದ್ದು ನಾನೊಬ್ಬಳೇ.

ಇಷ್ಟನ್ನು ಬರೆಯಲು ಎರಡು ದಿನ ಹಿಡಿಯಿತು.

ನಿಮಗೆ ಹೇಳದ್ದು ಇನ್ನೂ ಇದೆ. ಅಕ್ಟೋಬರಿನಲ್ಲಿ ಅಮ್ಮನನ್ನು ಬ್ರಹ್ಮಾವರದಲ್ಲಿ ಡಾಕ್ಟರಿಗೆ ತೋರಿಸಿದ್ದೆ. ಹೃದಯ ಸೋತಿದೆ, ದಣಿವಾಗಬಾರದು ಎಂದಿದ್ದರು. ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಳು. "ಅಣ್ಣಯ್ಯನಿಗೆ ಹೇಳ್ರೆ ಅವ ಆಪ್ರೇಸನ್ ಬಿಟ್ಟ್ ಓಡಿ ಬತ್ತ. ಹೇಳ್ಬ್ಯಾಡ." ನಿಮ್ಮ ಪತ್ರ ಬಂದಾಗ ಕಾಲುವೆಗೆ ಬೇಡ ಅಮ್ಮಾ ಎಂದೆ. ಒಂದು ಸಲ ಎಂದೆ, ಎರಡು ಸಲ ಎಂದೆ. ಅವಳು ಅಕ್ಕಿ ಕಟ್ಟಿಟ್ಟಿದ್ದಳು. ಮೂರನೆಯ ಸಲ ಹೇಳಲು ನನಗೆ ಮನಸ್ಸಾಗಲಿಲ್ಲ. ನನಗೂ ಅವಳನ್ನು ಕರೆದುಕೊಂಡು ಹೋಗುವ ಆಸೆ ಇತ್ತು ಮಾವ. ಕರೆದುಕೊಂಡು ಹೋಗಿ ನಾನೇ ಕೊಂದೆನಾ? ಈ ಒಂದು ತಿಂಗಳಲ್ಲಿ ಇದನ್ನು ಕೇಳಲು ನನಗೆ ಯಾರೂ ಇರಲಿಲ್ಲ. ಕೇಳಬೇಕಾದವರಿಗೇ ನಾನು ಸುಳ್ಳು ಬರೆಯುತ್ತಿದ್ದೆ.

ಭಾನುವಾರ ಸಂಜೆ ನಿಮಗೆ ಬರೆದದ್ದೆಲ್ಲ ನಿಜ. ಮೀನು ಸುಟ್ಟದ್ದು ನಿಜ, ನಕ್ಕದ್ದು ನಿಜ. ಊಟವಾದ ಮೇಲೆ ಟೆಂಟಿನ ಬಾಗಿಲು ತೆರೆದಿಟ್ಟು ಮಲಗಿದೆವು, ಅವಳಿಗೆ ನೀರು ಕಾಣಬೇಕಂತೆ. ಬೆಳಕು ಹರಿಯುವ ಮೊದಲು ನನ್ನ ಕೈ ಹಿಡಿದು ಎಬ್ಬಿಸಿದಳು. "ಒಂಚೂರ್ ನೀರ್ ಕೊಡ್ ಹೆಣೆ, ಎದಿಯಂಗೆ ಎಂತದೋ ಆತ್ತ್" ಎಂದಳು. ಕುಡಿಸಿದೆ. ಎರಡು ಗುಟುಕು ಕುಡಿದಳು. "ಚಳಿಗೆ ಇರ್ಕ್, ಮನಿಕೊ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ನಾನು ಮಲಗಲಿಲ್ಲ, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬೆಳಕಾಗುವಾಗ ಉಸಿರು ಇರಲಿಲ್ಲ. ಯಾವಾಗ ನಿಂತಿತೆಂದು ನನಗೆ ಗೊತ್ತಾಗಲೂ ಇಲ್ಲ ಮಾವ, ಅಷ್ಟು ಮೆಲ್ಲಗೆ ಹೋದಳು.

ಮೊಬೈಲ್ ಇತ್ತು. ಸಿಗ್ನಲ್ಲೂ ಇತ್ತು. ಯಾರನ್ನೂ ಕರೆಯಲಿಲ್ಲ. ಕರೆದಿದ್ದರೆ ಜನ ಗದ್ದೆಯ ಅಂಚಿನಲ್ಲಿ ಬಂದು ಅವಳನ್ನು ನನ್ನ ಕೈಯಿಂದ ತೆಗೆದುಕೊಂಡುಬಿಡುತ್ತಿದ್ದರು. ಮುಂದಿನ ಸೀಟನ್ನು ಬಿಚ್ಚಿ ಅವಳನ್ನು ಮಲಗಿಸಿ, ಕಂಬಳಿ ಹೊದೆಸಿ, ಕಟ್ಟಿದೆ. ಹೇಗೆ ಎತ್ತಿದೆನೋ ಈಗ ನೆನಪಿಲ್ಲ. ಒಂಬತ್ತೂವರೆಗೆ ಸಂಕದ ಹತ್ತಿರ ಬಂದರೆ ಭರತ ಏರಿಬಿಟ್ಟಿದೆ. ಕಮಾನು ಮುಚ್ಚುತ್ತಾ ಇದೆ. ದಿನಾ ಮೊಬೈಲಿನಲ್ಲಿ ಭರತದ ಹೊತ್ತು ನೋಡುವವಳು ಅವತ್ತು ನೋಡಿರಲಿಲ್ಲ.

ಅಲ್ಲೇ ಕಾಂಡ್ಲದ ಬೇರಿಗೆ ಕಯಾಕ್ ಕಟ್ಟಿ ಕಾದೆ. ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ನನ್ನ ಟೋಪಿ ಹಿಡಿದುಕೊಂಡಿದ್ದೆ. ಸಂಕದ ಮೇಲೆ ಇಬ್ಬರು ಹೆಂಗಸರು ಸೊಪ್ಪಿನ ಹೊರೆ ಹೊತ್ತು ಹೋದರು. ಒಬ್ಬರು ನಿಂತು, "ಹ್ವಾಯ್, ಅಮ್ಮನಿಗೆ ನಿದ್ರಿ ಬಂತಾ?" ಎಂದು ಕೇಳಿದರು. ಹೌದು ಎಂದೆ. ಅವಳು ಹೋದ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು. ಹನ್ನೆರಡು ಗಂಟೆಗೆ ನೀರು ತುಂಬಿ ನಿಂತಿತು, ಒಂದು ಎಲೆಯೂ ಹಂದುತ್ತಿರಲಿಲ್ಲ. ಆ ಹನ್ನೆರಡು ಗಂಟೆ ನನ್ನ ತಲೆಯಿಂದ ಹೋಗಿರಲಿಲ್ಲ. ನಿಮಗೆ ಬರೆಯುವಾಗ ಅದೇ ಕೈಗೆ ಬಂತು. ಅಲ್ಲಿ ದಾಟಿದೆವು ಎಂದಾದರೂ ಬರೆಯೋಣ ಅನ್ನಿಸಿತು. ನಿಜವಾಗಿ ದಾಟಿದಾಗ ಮೂರು ಗಂಟೆ ಆಗಿತ್ತು. ಆಮೇಲೆ ಇಳಿತವೇ ಮನೆಯವರೆಗೆ ತಂದಿತು.

ಸೀರೆಯನ್ನು ಜಲಜಕ್ಕ ಕೇಳಿದರು. "ಬೊಂಬಾಯಿ ಅಣ್ಣಯ್ಯನ ಸೀರಿ ಎಲ್ಲಿತ್ತ್?" ಬ್ರಹ್ಮಾವರದ ಅಂಗಡಿಯಿಂದ ಹಸಿರು ಸೀರೆಯೊಂದನ್ನು ಗುಟ್ಟಾಗಿ ತರಿಸಿ, ಮಾವ ಮೊದಲೇ ಕೊಟ್ಟಿಟ್ಟಿದ್ದರು ಎಂದೆ. ನಿಮ್ಮ ಹೆಸರು ಹೇಳಿಯೇ ಹೊದೆಸಿದೆ. ಅದು ಸಾಲುತ್ತದೋ ಇಲ್ಲವೋ ನೀವೇ ಹೇಳಬೇಕು.

ಶರಣ್ಯಾಳಿಗೆ ಬೈಯಬೇಡಿ. ಆಪರೇಶನ್ ಮುಗಿಯುವವರೆಗೆ ಹೇಳಬೇಡಿ ಅಕ್ಕಾ ಎಂದು ಅವಳು ಫೋನಿನಲ್ಲಿ ಅಳುತ್ತಾ ಕೇಳಿದಳು. ನನಗೂ ಹೆದರಿಕೆ. ಒಂದೇ ತಿಂಗಳಲ್ಲಿ ಇಬ್ಬರನ್ನೂ ಕಳೆದುಕೊಂಡರೆ ಎಂಬ ಹೆದರಿಕೆ.

ನಿಮ್ಮ ಸಿಟ್ಟನ್ನು ಇಟ್ಟುಕೊಳ್ಳಿ ಮಾವ. ಆದರೆ ಬರೆಯುವುದನ್ನು ನಿಲ್ಲಿಸಬೇಡಿ.

ರಮಿತಾ


ಡೊಂಬಿವಿಲಿ
6 ಫೆಬ್ರವರಿ 2025

ಚಿ. ರಮಿತಾಳಿಗೆ ಮಂಜ ಮಾವನ ಆಶೀರ್ವಾದಗಳು.

ಪತ್ರ ನಿನ್ನೆ ಸಿಕ್ಕಿತು. ಕ್ಯಾಲೆಂಡರಿನ ಡಿಸೆಂಬರ್ ಹಾಳೆಯನ್ನು ಹುಡುಕಿ ತೆಗೆದು ಮೂವತ್ತರ ಮೇಲೆ ಗುರುತು ಹಾಕಿದೆ. ಅನೂಪ, ಶರಣ್ಯಾ ಇಬ್ಬರನ್ನೂ ಕೂರಿಸಿ ಹೇಳಿದೆ. ಶರಣ್ಯಾ ಅತ್ತಳು. ಬೈಯಲಿಲ್ಲ. ಅನೂಪ ನನ್ನ ಕೈ ಹಿಡಿದುಕೊಂಡು ಕೂತಿದ್ದ, ನಾಡಿ ನೋಡುತ್ತಿದ್ದಾನೋ ಏನೋ. ನನಗೇನೂ ಆಗಲಿಲ್ಲ ನೋಡು. ಇಷ್ಟಕ್ಕೆ ನೀವೆಲ್ಲ ಅಷ್ಟು ಹೆದರಿದಿರಿ.

ನೀನು ಕೇಳಿದ್ದಕ್ಕೆ ಉತ್ತರ. ಕರೆದುಕೊಂಡು ಹೋಗು ಎಂದವನು ನಾನು. ಕರೆದುಕೊಂಡು ಹೋದವಳು ನೀನು. ಹೃದಯ ಸೋತಿದೆ ಎಂದು ಗೊತ್ತಿದ್ದೂ ಅಕ್ಕಿ ಕಟ್ಟಿದವಳು ಅವಳು. ಇದು ಕೊಲೆಯಾದರೆ ಮೂವರೂ ಸೇರಿ ಮಾಡಿದ್ದು, ನೀನೊಬ್ಬಳೇ ಹೊರಬೇಡ. ನನ್ನನ್ನು ಕೇಳಿದರೆ, ಅವಳು ನಕ್ಕು, ಮೀನು ತಿಂದು, ಮಗಳ ತೊಡೆಯ ಮೇಲೆ ಹೋದಳು. ನನಗೆ ಅಷ್ಟು ಸಿಗುತ್ತದೋ ಇಲ್ಲವೋ. ಹಸಿರು ಸೀರೆ ಸಾಲುತ್ತದೆ. ನನ್ನ ಹೆಸರು ಹೇಳಿ ಹೊದೆಸಿದ್ದರೆ ಅದು ನನ್ನದೇ.

ಆದರೆ ಸಿಟ್ಟು ಹೋಗಿಲ್ಲ. ಡಿಸೆಂಬರ್ ಮೂವತ್ತರಿಂದ ಜನವರಿ ಒಂಬತ್ತರವರೆಗೆ ನಾನು ಏನೇನು ಮಾಡಿದೆ ಎಂದು ನಿನ್ನೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಮೂವತ್ತಕ್ಕೆ ನೀನು ಅವಳ ಮುಖಕ್ಕೆ ಟೋಪಿ ಹಿಡಿದುಕೊಂಡಿದ್ದ ಹೊತ್ತಿನಲ್ಲಿ ನಾನು ಬಂಗುಡೆ ಸಾರು ಉಂಡು ಮಲಗಿದ್ದೆ. ಒಂದನೇ ತಾರೀಕು ಕಟ್ಟಡದ ಮಕ್ಕಳ ಜೊತೆ ಕೇಕ್ ತಿಂದೆ, ತಲೆಗೆ ಬಣ್ಣದ ಕಾಗದದ ಟೊಪ್ಪಿ ಹಾಕಿಕೊಂಡು ಕೂತೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರನೇ ತಾರೀಕು ಕ್ಷೌರ ಮಾಡಿಸಿಕೊಂಡೆ. ಆ ಹತ್ತು ದಿನ ನನ್ನ ತಂಗಿ ಇರಲಿಲ್ಲ, ನನಗೆ ಗೊತ್ತಿರಲಿಲ್ಲ. ಅದನ್ನು ಈಗ ನಾನು ಹೇಗೆ ಸರಿ ಮಾಡುವುದು ಹೇಳು? ನೀನು ನನ್ನ ಜೀವ ಉಳಿಸಲು ಮಾಡಿದ್ದು, ಗೊತ್ತು. ಆದರೂ ಹೇಳುತ್ತೇನೆ, ದುಃಖ ನನ್ನದಾಗಿತ್ತು, ನನಗೆ ಕೊಡಬೇಕಿತ್ತು.

ಸೋಮವಾರ ಆಪರೇಶನ್. ಎದ್ದರೆ ಊರಿಗೆ ಬತ್ತೆ, ಎದುರು ಕೂರಿಸಿಕೊಂಡು ಸರಿಯಾಗಿ ಬೈಯುತ್ತೇನೆ. ಆಗ ನೀನೂ ನನ್ನ ಕಿವಿಗೆ ಬೇಕಾದಷ್ಟು ಕೂಗಬಹುದು.

ಏಳದಿದ್ದರೆ? ನಮ್ಮ ಬಳಿಯಲ್ಲಿ ಉಳಿದವರು ನಾನು, ನೀನು, ಇಬ್ಬರೇ. ನನ್ನ ಸೂತಕ ನಿನಗೊಬ್ಬಳಿಗೇ ಬರುವುದು. ಏನಾದರೂ ಆಗಲಿ, ಆದ ಗಳಿಗೆಗೇ ಮೊದಲು ರಮಿತಾಳಿಗೆ ತಿಳಿಸಬೇಕು ಎಂದು ಶರಣ್ಯಾಳಿಂದ ಕೈ ಮೇಲೆ ಕೈ ಹಾಕಿಸಿ ಮಾತು ತೆಗೆದುಕೊಂಡಿದ್ದೇನೆ. ನೀನು ಎದೆಗುಂದುತ್ತೀಯ ಎಂದು ಹೆದರಿ ಯಾರೂ ಒಂದು ದಿನವೂ ಮುಚ್ಚಿಡಬಾರದು. ಫೋನ್ ಹತ್ತಿರ ಇಟ್ಟುಕೊಂಡಿರು.

ಮಂಜ ಮಾವ